ಮಿಕ್ಸಿ ಸ್ವಲ್ಪ ನಿಲ್ಲಿಸ್ತೀರಾ ಮೇಡಂ?

ಬೆಳಿಗ್ಗೆ ಒಂಬತ್ತೂವರೆ. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಎಲ್ಲ ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿದ್ದೆ ಅಷ್ಟೆ, ಗೇಟಿನ ಚಿಲಕ ಸದ್ದಾಯಿತು. ಹೋಗಿ ನೋಡಿದರೆ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗ. ಸೊಂಟದಲ್ಲಿ ವಾಕಿಟಾಕಿ, ಮುಖದಲ್ಲಿ ಸಂಕೋಚ.

"ಮೇಡಂ, ತಪ್ಪು ತಿಳ್ಕೋಬೇಡಿ. ಮಿಕ್ಸಿ ಸ್ವಲ್ಪ ನಿಲ್ಲಿಸ್ತೀರಾ? ಪಕ್ಕದ ಮನೇಲಿ ಶೂಟಿಂಗು. ಅಡಿಗೆಮನೆ ಸೀನು ನಡೀತಿದೆ. ನಿಮ್ಮ ಮಿಕ್ಸಿ ಸೌಂಡು ಅದರೊಳಗೆ ಬರ್ತಿದೆ."

ಪಾಪದ ಹುಡುಗ. ಆಯಿತಪ್ಪ ಎಂದು ಒಳಗೆ ಬಂದು ನಿಲ್ಲಿಸಿದೆ. ಅರ್ಧ ರುಬ್ಬಿದ ಚಟ್ನಿಯ ಮುಂದೆ ನಿಂತಾಗ ನಗು ಬಂತು. ಅಡಿಗೆಮನೆಯ ಸೀನು ತೆಗೆಯುವುದಕ್ಕೆ ನಿಜವಾದ ಅಡಿಗೆಮನೆಯ ಸದ್ದು ಅಡ್ಡ! ನಮ್ಮ ಧಾರಾವಾಹಿಗಳ ಬಗ್ಗೆ ನನಗೆ ಇಷ್ಟು ವರ್ಷ ಏನು ಹೇಳಬೇಕೆನ್ನಿಸುತ್ತಿತ್ತೋ ಅದನ್ನು ಆ ಹುಡುಗ ಗೇಟಿನ ಹತ್ತಿರ ನಿಂತು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ.

ನಮ್ಮ ರಾಜರಾಜೇಶ್ವರಿನಗರದವರಿಗೆ ಶೂಟಿಂಗು ಹೊಸದಲ್ಲ. ನಾವು ಇಲ್ಲಿ ಮನೆ ಕಟ್ಟಿದಾಗ ಮೈಸೂರು ರಸ್ತೆಯ ಕಮಾನು ದಾಟಿ ಒಳಗೆ ಬಂದರೆ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಈಗ ಸೈಟೆಲ್ಲ ಮನೆಯಾಗಿವೆ, 2021ರಿಂದ ಮೆಟ್ರೋ ಕೂಡ ಬಂದಿದೆ. ಮಕ್ಕಳು ದೂರ ಹೋಗಿ, ನೋಡಿಕೊಳ್ಳುವವರಿಲ್ಲದ ಪಕ್ಕದ ದೊಡ್ಡ ಮನೆಯನ್ನು ಮಾಲೀಕರು ದಿನದ ಬಾಡಿಗೆಗೆ ಶೂಟಿಂಗಿಗೆ ಕೊಡುತ್ತಾರೆ. ಬೆಳಗಾಗುತ್ತಲೇ ಜನರೇಟರ್ ವ್ಯಾನು ಬರುತ್ತದೆ. ರೇಷ್ಮೆ ಸೀರೆ, ಕೈತುಂಬ ಬಳೆ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡ ಹುಡುಗಿ ವ್ಯಾನಿನ ನೆರಳಲ್ಲಿ ಕುಳಿತು ಕಾಗದದ ಲೋಟದಲ್ಲಿ ಟೀ ಕುಡಿಯುತ್ತಾಳೆ. ವಾರಕ್ಕೆ ಐದಾರು ಕಂತು ಕೊಡಲೇಬೇಕಾದ ದುಡಿಮೆ ಅವರದು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಒಮ್ಮೆ ಮಾಲೀಕರ ಜೊತೆ ಒಳಗೆ ಹೋಗಿ ಆ ಅಡಿಗೆಮನೆ ನೋಡಿದೆ. ನಮ್ಮ ಹಾಲಿನಷ್ಟು ದೊಡ್ಡದು. ಒಲೆಯಿದೆ, ಸಿಲಿಂಡರಿಲ್ಲ. ನಲ್ಲಿಯಿದೆ, ನೀರಿಲ್ಲ. ಮೇಜಿನ ಮೇಲೆ ಬುಟ್ಟಿ ತುಂಬ ಕೆಂಪು ಹಳದಿ ದಪ್ಪ ಮೆಣಸಿನಕಾಯಿ, ಅವೂ ಪ್ಲಾಸ್ಟಿಕ್ಕಿನವು. ಆ ಅಡಿಗೆಮನೆಗೆ ಅತ್ತೆ ಬರುತ್ತಾಳೆ, ಸೊಸೆ ಬರುತ್ತಾಳೆ, ಹಾಲಿಗೆ ಏನೋ ಬೆರೆಸಲು ಓರಗಿತ್ತಿ ಬರುತ್ತಾಳೆ. ಅಡಿಗೆ ಮಾತ್ರ ಯಾರೂ ಮಾಡುವುದಿಲ್ಲ.

ಯಂತ್ರವಾಗಲಿ ಧಾರಾವಾಹಿಯಾಗಲಿ, ಮನೆಯೊಳಗೆ ಬಂದಮೇಲೆ ನಾನು ಕೇಳುವ ಪ್ರಶ್ನೆ ಒಂದೇ. ಈ ಮನೆಯ ಹೆಂಗಸಿನ ಕೆಲಸ ಇದಕ್ಕೆ ಗೊತ್ತಿದೆಯೇ?

ಮಿಕ್ಸಿಗೆ ಗೊತ್ತಿದೆ. ನನ್ನ ಮಟ್ಟಿಗೆ ನಮ್ಮ ಮನೆಗಳಿಗೆ ಬಂದ ಯಂತ್ರಗಳಲ್ಲಿ ಅದರಷ್ಟು ಮರ್ಯಾದಸ್ಥ ಯಂತ್ರ ಇನ್ನೊಂದಿಲ್ಲ. ಅದು ಹುಟ್ಟಿದ್ದೇ ಒಬ್ಬ ಹೆಂಡತಿಯ ತೊಂದರೆಯಿಂದ. 1960ರ ದಶಕದ ಆರಂಭದಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿದ್ದ ವಿದೇಶಿ ಮಿಕ್ಸರಿನ ಮೋಟಾರು ಸುಟ್ಟುಹೋಯಿತು. ಹಣ್ಣಿನ ರಸ ಮಾಡಲು ಹುಟ್ಟಿದ ಯಂತ್ರ ನಮ್ಮ ಉದ್ದಿನಬೇಳೆ, ಒಣಕೊಬ್ಬರಿ, ಅರಿಸಿನದ ಕೊಂಬಿಗೆ ಎಲ್ಲಿ ತಾಳೀತು? ಹೆಂಡತಿ ಮಾಧುರಿಗಾಗಿ ಆತ ಗಟ್ಟಿ ಮೋಟಾರಿನ ಮಿಕ್ಸಿ ಮಾಡಿದರು. ಅದೇ ಸುಮೀತ್. ಅದಕ್ಕೂ ಮೊದಲೇ, 1955ರ ಸುಮಾರಿಗೆ, ಕೊಯಮತ್ತೂರಿನಲ್ಲಿ ಒರಳುಕಲ್ಲಿಗೆ ಮೋಟಾರು ಕೂಡಿಸಿ ಗ್ರೈಂಡರ್ ಮಾಡಿದ್ದರು. ಮುಂದೆ ಆ ಗ್ರೈಂಡರಿಗೆ ಮೈಸೂರು ರೇಷ್ಮೆಗೆ ಸಿಕ್ಕಿದಂತೆ ಭೌಗೋಳಿಕ ಗುರುತೂ ಸಿಕ್ಕಿತು. ಒರಳಿನ ಮುಂದೆ ಕುಳಿತು ನಾಲ್ಕು ಸೇರು ದೋಸೆಹಿಟ್ಟು ರುಬ್ಬಿದವರಿಗೆ ಇದು ಎಂಥ ಬಿಡುಗಡೆ ಎಂದು ನಾನು ಹೇಳಬೇಕಾಗಿಲ್ಲ. ಒರಳಿನ ರುಚಿಯನ್ನು ನೆನೆದು ಕಣ್ಣೀರು ಹಾಕುವವರೆಲ್ಲ ಕೂತು ತಿಂದವರು. ರುಬ್ಬಿದವರಲ್ಲಿ ಒಬ್ಬರಾದರೂ ಹಾಗೆ ಅತ್ತದ್ದನ್ನು ನಾನು ನೋಡಿಲ್ಲ.

ಮಿಕ್ಸಿಯ ದೊಡ್ಡ ಗುಣ ಅದರ ಸರಳತೆ. ಒಂದು ತಿರುಪು, ಅದರ ಮೇಲೆ ಒಂದು, ಎರಡು, ಮೂರು. ಹೆಚ್ಚು ತುಂಬಿದರೆ ತಾನಾಗಿ ನಿಲ್ಲುತ್ತದೆ. ತಳದಲ್ಲಿರುವ ಕೆಂಪು ಗುಂಡಿ ಒತ್ತಿದರೆ ಮತ್ತೆ ತಿರುಗುತ್ತದೆ. ರಬ್ಬರಿನ ಕಪ್ಲರ್ ಸವೆದರೆ ಹತ್ತಿರದ ಅಂಗಡಿಯವನು ಐದು ನಿಮಿಷದಲ್ಲಿ ಹಾಕಿಕೊಡುತ್ತಾನೆ. ನಮ್ಮ ಅತ್ತೆಗೆ 82 ವರ್ಷ, ಓದಿದ್ದು ತಿಪಟೂರಿನಲ್ಲಿ ನಾಲ್ಕನೇ ಕ್ಲಾಸು. ಮಿಕ್ಸಿ ಹಾಕಲು ಅವರು ಇದುವರೆಗೆ ಯಾರನ್ನೂ ಕರೆದಿಲ್ಲ.

ಈಗ ಟಿ.ವಿ.ಯ ಮಾತಿಗೆ ಬರುತ್ತೇನೆ.

ಬೆಂಗಳೂರಿಗೆ 1981ರಲ್ಲಿ ದೂರದರ್ಶನ ಬಂದಾಗ ಟಿ.ವಿ.ಯೂ ಮಿಕ್ಸಿಯಂತೆಯೇ ಇತ್ತು. ಒಂದು ಗುಂಡಿ ತಿರುಗಿಸಿದರೆ ಚಿತ್ರ, ಇನ್ನೊಂದಕ್ಕೆ ಸದ್ದು. 1994ರಲ್ಲಿ ಉದಯ ಬಂತು, 2000ದ ಕೊನೆಗೆ ಈಟಿವಿ ಬಂತು. ಆಗಲೂ ತೊಂದರೆಯಿರಲಿಲ್ಲ, ಅತ್ತೆ ನಂಬರು ನೆನಪಿಟ್ಟುಕೊಂಡರು. 2013ರಲ್ಲಿ ಬೆಂಗಳೂರಿಗೆಲ್ಲ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ರಿಮೋಟು ಎರಡಾಯಿತು. 2019ರಲ್ಲಿ ಹೊಸ ನಿಯಮ ಬಂದು 100 ಚಾನೆಲ್ಲಿಗೆ 130 ರೂಪಾಯಿ, ಮೇಲೆ ತೆರಿಗೆ, ದುಡ್ಡಿನ ಚಾನೆಲ್ಲಿಗೆ ಒಂದೊಂದಕ್ಕೂ ಬೇರೆ ದರ ಎಂದರು. ಇದಕ್ಕೆ ಗ್ರಾಹಕರ ಆಯ್ಕೆಯ ಸ್ವಾತಂತ್ರ್ಯ ಎಂದು ಹೆಸರು. ಆ ಪಟ್ಟಿ ಹಿಡಿದು ನಾನು, ಬ್ಯಾಂಕಿನಲ್ಲಿ 31 ವರ್ಷ ಲೆಕ್ಕ ಬರೆದವಳು, ಒಂದು ಭಾನುವಾರವಿಡೀ ಕೂತೆ. ಕೊನೆಗೆ ಕೇಬಲ್ಲಿನವನು ಕೊಟ್ಟ ಪ್ಯಾಕೇಜನ್ನೇ ಒಪ್ಪಿಕೊಂಡೆ. ನೀವೂ ಅದನ್ನೇ ಮಾಡಿರುತ್ತೀರಿ, ನನಗೆ ಗೊತ್ತು.

ಹೋದ ದಸರೆಗೆ ನಮ್ಮ ಮಗ ಅಜ್ಜಿಗೆಂದು ಗೋಡೆಯಗಲದ ಸ್ಮಾರ್ಟ್ ಟಿ.ವಿ. ತಂದ. ಪ್ರೀತಿಯಿಂದಲೇ ತಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಟಿ.ವಿ. ಹಾಕಿದ ಕೂಡಲೇ ಚಂದನ ಬರುವುದಿಲ್ಲ. ಮೊದಲು ಅದು ತನ್ನ ಅಂಗಡಿ ತೆರೆಯುತ್ತದೆ. ಚೌಕ ಚೌಕ ಚಿತ್ರಗಳು, ಎಲ್ಲ ಇಂಗ್ಲಿಷಿನಲ್ಲಿ. ಅದನ್ನು ದಾಟಿ, ಕೇಬಲ್ಲಿನ ತಂತಿ ಯಾವ ತೂತಿನಲ್ಲಿದೆಯೋ ಆ ಹೆಸರನ್ನು ಆರಿಸಿ, ಆಮೇಲೆ ಇನ್ನೊಂದು ರಿಮೋಟು ಹಿಡಿದು ಚಾನೆಲ್ ಹಾಕಬೇಕು. ಹೊಸ ರಿಮೋಟಿನಲ್ಲಿ ಸಿನಿಮಾ ತೋರಿಸುವ ಕಂಪನಿಗಳ ಹೆಸರಿನ ದೊಡ್ಡ ದೊಡ್ಡ ಗುಂಡಿಗಳಿವೆ. ಆ ಜಾಗಕ್ಕೆ ಆ ಕಂಪನಿಗಳು ಟಿ.ವಿ. ಮಾಡುವವರಿಗೆ ದುಡ್ಡು ಕೊಡುತ್ತವೆ. ಅತ್ತೆ ದುಡ್ಡು ಕೊಟ್ಟಿಲ್ಲವಲ್ಲ, ಅದಕ್ಕೇ ಅವರಿಗೆ ಬೇಕಾದ ಗುಂಡಿ ಇಲ್ಲ.

ಒಂದು ಸಂಜೆ ನಾವಿಬ್ಬರೂ ವಿಜಯನಗರಕ್ಕೆ ಆರತಕ್ಷತೆಗೆ ಹೋಗಿದ್ದೆವು. ಅತ್ತೆಗೆ ಟಿ.ವಿ. ಹಾಕಿಕೊಟ್ಟೇ ಹೊರಟಿದ್ದೆವು. ಹತ್ತು ಗಂಟೆಗೆ ಬಂದು ಬಾಗಿಲು ತೆಗೆದರೆ ಅತ್ತೆ ತಮ್ಮ ಕುರ್ಚಿಯಲ್ಲೇ ಇದ್ದಾರೆ, ಎದುರಿಗೆ ಕಪ್ಪು ತೆರೆ, ಮೂಲೆಯಲ್ಲಿ ಇಂಗ್ಲಿಷಿನ ಎರಡು ಪದ. ಏಳು ಗಂಟೆಗೇ ಹೀಗಾಯಿತಂತೆ.

"ಏನೋ ಒತ್ತಿದೆ ಕಣಮ್ಮ, ಕಪ್ಪಗಾಗೋಯ್ತು. ಮತ್ತೆ ಮುಟ್ಟಿ ಕೆಟ್ಟೋದ್ರೆ ಅಂತ ಸುಮ್ಮನಾದೆ. ಮಗು ಅಷ್ಟು ದುಡ್ಡು ಹಾಕಿದಾನೆ."

"ಫೋನ್ ಮಾಡಬಾರದಿತ್ತೇ ಅತ್ತೆ?"

"ಮದುವೆ ಮನೇಲಿರೋರಿಗೆ ಟಿ.ವಿ. ಹಾಕಿಕೊಡಿ ಅಂತ ಫೋನ್ ಮಾಡ್ಲಾ?"

ಮೂರು ಗಂಟೆ ಕಾಲ ಹಾಗೆ ಕೂತಿದ್ದರು. ಗಂಡನನ್ನು ಕಳೆದುಕೊಂಡಾಗ, ತಿಪಟೂರಿನ ಮನೆ ಬಿಟ್ಟು ಬಂದಾಗ, ಎರಡು ಸಲವೂ ಗಟ್ಟಿಯಾಗಿದ್ದ ಹೆಂಗಸು. ತಮ್ಮದೇ ಹಾಲಿನಲ್ಲಿ, ತಮಗಾಗಿ ತಂದ ವಸ್ತುವಿನ ಮುಂದೆ ಕಳ್ಳರ ಹಾಗೆ ಕೈಕಟ್ಟಿ ಕೂತಿದ್ದರು. ಅದನ್ನು ಬುದ್ಧಿವಂತ ಟಿ.ವಿ. ಎನ್ನಲು ನನ್ನ ನಾಲಿಗೆ ತಿರುಗುವುದಿಲ್ಲ. ಮನೆಯ ಹಿರಿಯಳನ್ನು ದಡ್ಡಿಯನ್ನಾಗಿ ಮಾಡುವ ವಸ್ತು ಎಷ್ಟು ಬೆಳ್ಳಗೆ ತೋರಿಸಿದರೇನು, ಎಷ್ಟು ಅಗಲವಿದ್ದರೇನು?

ಆ ರಾತ್ರಿ ನನ್ನ ಬಾಯಿಂದ ಒಂದು ಮಾತು ಬಂದುಬಿಟ್ಟಿತು. "ಹೋಗಲಿ ಬಿಡಿ ಅತ್ತೆ, ಆ ಧಾರಾವಾಹಿ ನೋಡದಿದ್ದರೆ ಏನು ನಷ್ಟ?"

ಅತ್ತೆ ಉತ್ತರ ಕೊಡಲಿಲ್ಲ. ಉತ್ತರ ಬಂದದ್ದು ಮರುದಿನ, ಹುರುಳಿಕಾಯಿ ನಾರು ತೆಗೆಯುತ್ತ. "ಕತೆ ನಂಗೂ ಗೊತ್ತು ಕಣಮ್ಮ. ವಿಷ ಯಾರು ಹಾಕಿದ್ರು, ಯಾವಾಗ ಸಿಕ್ಕಿಬೀಳ್ತಾಳೆ, ಎಲ್ಲ ಗೊತ್ತು. ಆದ್ರೆ ಏಳು ಗಂಟೆಗೆ ಮನೆಗೆ ಯಾರೋ ನಾಲ್ಕು ಜನ ಬಂದು ಮಾತಾಡಿ ಹೋದ ಹಾಗಿರುತ್ತೆ. ನೀವೆಲ್ಲ ಫೋನು ಹಿಡಕೊಂಡು ಕೂತಿರ್ತೀರಿ."

ಇದಕ್ಕೆ ನಾನೇನು ಹೇಳಲಿ? ನೋಡುವವರನ್ನು ಹಳಿಯುವುದು ಬಹಳ ಸುಲಭ. ನೋಡುವವರು ಯಾಕೆ ನೋಡುತ್ತಾರೆ ಎಂದು ಕೇಳಿದರೆ ನಮ್ಮ ಮುಖವೇ ನಮಗೆ ಕಾಣುತ್ತದೆ. ಆವತ್ತಿನಿಂದ ನಾನೂ ಪಕ್ಕದಲ್ಲಿ ಕೂತು ನೋಡಿದೆ. ನೋಡಿದ ಮೇಲೆ ನನ್ನ ಸಿಟ್ಟು ಕಡಿಮೆಯೇನೂ ಆಗಲಿಲ್ಲ, ಅದರ ದಿಕ್ಕು ಬದಲಾಯಿತು. ಇಷ್ಟು ನಂಬಿಕೆಯಿಂದ ಬಾಗಿಲು ತೆಗೆದು ಕಾಯುವವರ ಮನೆಗೆ ಇವರು ಏನು ತರುತ್ತಿದ್ದಾರೆ?

ಒಳ್ಳೆಯದನ್ನು ತಂದ ದಿನಗಳೂ ಇದ್ದವು. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' 1998ರಲ್ಲಿ ಚಂದನದಲ್ಲಿ ಬರುತ್ತಿದ್ದಾಗ, ಅದರಲ್ಲಿ ಕೆಲಸ ಹುಡುಕುವ ಹುಡುಗರು, ಮದುವೆಯ ಖರ್ಚಿಗೆ ಹೆದರುವ ಅಪ್ಪಂದಿರು, ನಮ್ಮ ಬೀದಿಯವರೇ ಎನ್ನಿಸುತ್ತಿದ್ದರು. ಮುಂದೆ 'ಮುಕ್ತ'ದ ವಕೀಲ ಸಿ.ಎಸ್.ಪಿ. ಕೋರ್ಟಿನಲ್ಲಿ ಮಾತಾಡುವಾಗ ನಮ್ಮವರೂ ಪೇಪರು ಕೆಳಗಿಡುತ್ತಿದ್ದರು. ತೀರ ಇತ್ತೀಚೆಗೂ ಇಲ್ಲವೆಂದಲ್ಲ. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀ ಮಾಡಿದ ಪುಟ್ಟಕ್ಕ, ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಆಕೆಯ ಸೆರಗಿನಲ್ಲಿ ಕೆಲಸದ ಸುಕ್ಕು ಕಂಡಿತು. 2022ರ 'ಶ್ರೀರಸ್ತು ಶುಭಮಸ್ತು'ವಿನಲ್ಲಿ ಸುಧಾರಾಣಿಯ ತುಳಸಿ, ಮಗನಿಗೆ ಮದುವೆಯ ವಯಸ್ಸಾದಮೇಲೆ ತಾನು ಮತ್ತೆ ಮದುವೆಯಾಗುತ್ತಾಳೆ. ಅದನ್ನು ನೋಡುತ್ತಿದ್ದಾಗ ಅತ್ತೆ, "ಆಗ್ಲಿ ಬಿಡು, ಅವಳಿಗೂ ಒಬ್ಬರು ಬೇಡ್ವಾ" ಎಂದರು. ಎಷ್ಟೋ ಭಾಷಣಗಳಿಂದ ಆಗದ ಕೆಲಸ ಅದು.

ಆದರೆ ಒಳ್ಳೆಯ ಬೀಜವೂ ದಿನಾ ಎಳೆದರೆ ಬಳ್ಳಿಯಾಗುವ ಬದಲು ಹಗ್ಗವಾಗುತ್ತದೆ. ಬಾಲ್ಯವಿವಾಹದ ಕತೆಯಾಗಿ ಶುರುವಾದ 'ಪುಟ್ಟಗೌರಿ ಮದುವೆ' ವರ್ಷಗಟ್ಟಲೆ ಬೆಳೆದು, ಬೆಟ್ಟದಿಂದ ಬಿದ್ದ ಗೌರಿ ಕಾಡಿನಲ್ಲಿ ಬದುಕುಳಿಯುವ ಹೊತ್ತಿಗೆ ನಾಡೆಲ್ಲ ನಗುತ್ತಿತ್ತು. ಬಾಲ್ಯವಿವಾಹ ಯಾರಿಗೆ ನೆನಪಿತ್ತು?

ನಮ್ಮ ತಲೆಮಾರಿನವರಿಗೆ ತ್ರಿವೇಣಿಯವರ 'ಶರಪಂಜರ' ನೆನಪಿದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರ ನೋಟವೇ ಮತ್ತೆ ರೋಗಿಯನ್ನಾಗಿ ಮಾಡುತ್ತದೆ. ಅಲ್ಲಿ ವಿಷದ ಬಾಟಲಿಯಿಲ್ಲ, ಮೂರು ಸಲ ಗುಡುಗಿ ಮುಖ ತೋರಿಸುವುದಿಲ್ಲ. ಕೆಟ್ಟವರು ಯಾರು ಎಂದು ಹುಡುಕಿದರೆ ನಮ್ಮಂಥವರೇ ಸಿಗುತ್ತಾರೆ. ಇವತ್ತಿನ ಓರಗಿತ್ತಿಗೆ ಕಾಡಿಗೆ ಬಳಿದು ಕೆಟ್ಟವಳೆಂದು ತೋರಿಸಿಬಿಟ್ಟರೆ ನೋಡುವ ನಮಗೆ ಎಷ್ಟು ನೆಮ್ಮದಿ! ನಾವಂತೂ ಹಾಗಿಲ್ಲವಲ್ಲ ಎಂದು ಎದ್ದುಹೋಗಿ ತಟ್ಟೆ ಹಾಕಬಹುದು. ಆ ನೆಮ್ಮದಿಯೇ ಈ ಧಾರಾವಾಹಿಗಳು ಮಾಡುವ ದೊಡ್ಡ ಕೆಡುಕು ಎಂದು ನನ್ನ ಅಭಿಪ್ರಾಯ. ಅತ್ತೆಯನ್ನು ಮೂರು ಗಂಟೆ ಕಪ್ಪು ತೆರೆಯ ಮುಂದೆ ಕೂರಿಸಿದ ಸೊಸೆ ನಾನು. ನನಗೆ ಕಾಡಿಗೆಯಿಲ್ಲ, ವಿಷವಿಲ್ಲ. ಮನೆಯಲ್ಲೇ ಇದ್ದ ಸಂಜೆಗಳಲ್ಲೂ ಫೋನು ನೋಡುತ್ತ ಕೂತಿದ್ದೆ, ಅಷ್ಟೆ.

ಟಿ.ವಿ.ಯ ತೊಂದರೆಗೆ ಉಪಾಯ ಸಿಕ್ಕಿತು. ಹಾಕಿದ ಕೂಡಲೇ ಕೇಬಲ್ಲಿನ ಕಡೆಗೇ ಹೋಗುವಂತೆ ಮಾಡುವ ಏರ್ಪಾಟು ಬಹಳಷ್ಟು ಟಿ.ವಿ.ಗಳ ಸೆಟ್ಟಿಂಗಿನೊಳಗೆ ಇರುತ್ತದೆ. ಮಗ ಮುಕ್ಕಾಲು ಗಂಟೆ ಹುಡುಕಿ ಮಾಡಿಕೊಟ್ಟ. ಹೊಸ ರಿಮೋಟಿನಲ್ಲಿ ಹಾಕಿ ಆರಿಸುವ ಗುಂಡಿಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಾನು ಗಾಯಕ್ಕೆ ಹಚ್ಚುವ ಪ್ಲಾಸ್ಟರು ಸುತ್ತಿದೆ. ನೋಡಲು ಆಸ್ಪತ್ರೆಯಿಂದ ಬಂದ ಹಾಗಿದೆ, ಆದರೆ ಅತ್ತೆ ಯಾರನ್ನೂ ಕರೆಯುವುದಿಲ್ಲ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಮಾಡಿ ನೋಡಿ. ಏಳು ಗಂಟೆಗೆ ನಿಮ್ಮ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ ಎಂದೂ ಹೇಳುತ್ತೇನೆ, ಅದಕ್ಕೆ ಮಾತ್ರ ಪ್ಲಾಸ್ಟರು ಸಾಕಾಗುವುದಿಲ್ಲ.

ಮೊನ್ನೆ ಆ ವಾಕಿಟಾಕಿ ಹುಡುಗ ಮತ್ತೆ ಬಂದಿದ್ದ. ಅದೇ ಅಡಿಗೆಮನೆ ಸೀನು, ಅದೇ ಮಿಕ್ಸಿ. "ಎರಡು ನಿಮಿಷ ಇರಪ್ಪ, ಚಟ್ನಿ ನುಣ್ಣಗಾಗಲಿ" ಎಂದೆ. ಹಿಂದಿನಿಂದ ಅತ್ತೆ, "ಸದ್ದು ಬಂದ್ರೆ ಬರ್ಲಿ ಬಿಡೋ, ಅಡಿಗೆಮನೆ ತಾನೇ" ಎಂದರು. ಹುಡುಗ ನಕ್ಕು ಗೇಟಿನ ಹತ್ತಿರವೇ ನಿಂತ. ಹೋಗುವಾಗ ಎರಡು ಇಡ್ಲಿಗೆ ಚಟ್ನಿ ಹಾಕಿ ಕೈಗೆ ಕೊಟ್ಟೆ. ಬೆಳಗಿನ ಆರಕ್ಕೇ ಬಂದಿದ್ದನಂತೆ, ತಿಂಡಿ ಆಗಿರಲಿಲ್ಲ.