ಹದಿನೈದು ವರ್ಷ ಖಾಲಿ ಇದ್ದ ಕುರ್ಚಿ

ಬೀಜಿಂಗ್‌ನಲ್ಲಿ ಭಾರತದ ರಾಯಭಾರಿಯ ಹುದ್ದೆ 1961ರ ಜುಲೈಯಿಂದ 1976ರ ಜುಲೈವರೆಗೆ ಖಾಲಿ ಇತ್ತು. ಕಚೇರಿ ಮುಚ್ಚಿರಲಿಲ್ಲ, ಬಾವುಟ ಇಳಿದಿರಲಿಲ್ಲ, ಸಂಬಂಧ ಕಡಿದುಹೋಯಿತೆಂದು ಯಾರೂ ಘೋಷಿಸಿರಲಿಲ್ಲ. ರಾಯಭಾರಿ ಮಾತ್ರ ಇರಲಿಲ್ಲ. ಮುನಿಸು ತೋರಿಸಲು ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಆ ರೂಢಿಯಿಂದ ನಮಗೆ ಸಿಕ್ಕಿದ್ದೇನು, ಹೋದದ್ದೇನು ಎಂದು ಈ ಹುದ್ದೆಯ ಚರಿತ್ರೆಯನ್ನು ಹಿಡಿದು ಲೆಕ್ಕ ಹಾಕಿದರೆ, ನನಗೆ ಕಾಣುವುದು ನಷ್ಟವೇ.

ಮೊದಲ ರಾಯಭಾರಿ ಕೆ.ಪಿ.ಎಸ್. ಮೆನನ್. ಸ್ವಾತಂತ್ರ್ಯಕ್ಕೆ ಮೊದಲೇ, 1944ರಲ್ಲಿ, ಬೆಟ್ಟಸಾಲು ದಾಟಿ ಶಿನ್‌ಜಿಯಾಂಗ್ ಮೂಲಕ ಚುಂಗ್‌ಕಿಂಗ್ ತಲುಪಿದ್ದವರು ಅವರು. ಅವರ ನಂತರ 1948ರಲ್ಲಿ ಬಂದವರು ಇತಿಹಾಸಕಾರ ಕೆ.ಎಂ. ಪಣಿಕ್ಕರ್. ನಾನ್‌ಜಿಂಗ್‌ನಲ್ಲಿ ಚಿಯಾಂಗ್ ಕೈ ಶೆಕ್ ಸರ್ಕಾರ ಕುಸಿದದ್ದನ್ನು ಕಣ್ಣಾರೆ ಕಂಡು, 1950ರ ಮೇ 20ರಂದು ಮಾವೋ ಅವರಿಗೆ ತಮ್ಮ ಅಧಿಕಾರಪತ್ರ ಸಲ್ಲಿಸಿದರು. ಎರಡು ಚೀನಾಗಳನ್ನು ಕಂಡ ಆ ಅನುಭವವನ್ನು ಮುಂದೆ ಪುಸ್ತಕವಾಗಿ ಬರೆದರು.

ಪಣಿಕ್ಕರ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. 1950ರ ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ ಚೀನಾದ ಪ್ರಧಾನಿ ಚೌ ಎನ್ ಲಾಯ್ ಪಣಿಕ್ಕರ್ ಅವರನ್ನು ಕರೆಸಿದರು. ಅಮೆರಿಕದ ಪಡೆಗಳು ಕೊರಿಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದರು. ಪಣಿಕ್ಕರ್ ಅದನ್ನು ದೆಹಲಿಗೆ ಮುಟ್ಟಿಸಿದರು, ದೆಹಲಿಯಿಂದ ಅದು ವಾಷಿಂಗ್ಟನ್‌ಗೆ ಹೋಯಿತು. ಪಣಿಕ್ಕರ್ ಚೀನಾದ ಕಡೆಯವರೆಂದು ಅಲ್ಲಿ ಯಾರೂ ಕಿವಿಗೊಡಲಿಲ್ಲ. ಅದೇ ತಿಂಗಳು ಚೀನಾದ ಸೈನ್ಯ ಕೊರಿಯಾಕ್ಕೆ ನುಗ್ಗಿತು. ಅದೇ ತಿಂಗಳು ಟಿಬೆಟ್‌ಗೂ ನುಗ್ಗಿತು. ಟಿಬೆಟ್ ವಿಷಯದಲ್ಲಿ ಚೀನಾದ ಶಾಂತಿಯ ಮಾತನ್ನು ಪಣಿಕ್ಕರ್ ನಂಬಿದ್ದರು, ನೆಹರೂ ಪಣಿಕ್ಕರ್ ಅವರನ್ನು ನಂಬಿದ್ದರು. ಸರ್ದಾರ್ ಪಟೇಲರು ನವೆಂಬರ್ 7ರಂದು ನೆಹರೂಗೆ ಬರೆದ ಪತ್ರದಲ್ಲಿ, ನಮ್ಮ ರಾಯಭಾರಿ ಚೀನಾದ ನಡೆಗೆ ಸಮರ್ಥನೆ ಹುಡುಕುತ್ತಿದ್ದಾರೆಂದು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದು. ಒಬ್ಬನೇ ವ್ಯಕ್ತಿ, ಒಂದೇ ತಿಂಗಳು. ಸರಿಯಾಗಿ ಕೇಳಿಸಿಕೊಂಡದ್ದನ್ನು ವಾಷಿಂಗ್ಟನ್ ನಂಬಲಿಲ್ಲ, ತಪ್ಪಾಗಿ ಕೇಳಿಸಿಕೊಂಡದ್ದನ್ನು ದೆಹಲಿ ನಂಬಿತು. ಆದರೂ ತಪ್ಪು ಕೇಳಿಸಿಕೊಂಡವನನ್ನು ತಿದ್ದಬಹುದು, ಬದಲಿಸಬಹುದು. ಕೇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ತಿದ್ದುವುದು ಯಾರನ್ನು?

1954ರ ಏಪ್ರಿಲ್ 29ರಂದು ರಾಯಭಾರಿ ಎನ್. ರಾಘವನ್ ಪಂಚಶೀಲ ಒಪ್ಪಂದಕ್ಕೆ ಸಹಿ ಹಾಕಿದರು. ಟಿಬೆಟ್‌ನಲ್ಲಿ ನಮಗಿದ್ದ ಅಂಚೆ, ತಂತಿ ವ್ಯವಸ್ಥೆಯನ್ನು ಬಿಟ್ಟುಕೊಟ್ಟೆವು, ಗಡಿಯ ಮಾತೆತ್ತಲಿಲ್ಲ. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಗಡಿ ಬಿಸಿಯೇರಿದಾಗ, 1961ರ ಜುಲೈನಲ್ಲಿ, ಆಗಿನ ರಾಯಭಾರಿ ಜಿ. ಪಾರ್ಥಸಾರಥಿ ಬೀಜಿಂಗ್ ಬಿಟ್ಟರು. ಅವರ ಜಾಗಕ್ಕೆ ಬೇರೊಬ್ಬರನ್ನು ಕಳಿಸಲಿಲ್ಲ. ನಾಲ್ಕೇ ತಿಂಗಳಲ್ಲಿ, ನವೆಂಬರ್‌ನಲ್ಲಿ, ಗಡಿಯುದ್ದಕ್ಕೂ ಮುಂದೊತ್ತಿ ಠಾಣೆ ಹಾಕುವ ನಿರ್ಧಾರವನ್ನು ದೆಹಲಿ ಕೈಗೊಂಡಿತು. ಚೀನಾ ತಿರುಗಿ ಹೊಡೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದ್ದ ನಿರ್ಧಾರ ಅದು. ಆ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಲು ಬೀಜಿಂಗ್‌ನಲ್ಲಿ ಹಿರಿಯನೊಬ್ಬ ಬೇಕಾಗಿದ್ದ ಹೊತ್ತಿಗೆ ಸರಿಯಾಗಿ ನಾವು ಅವನನ್ನು ಕರೆಸಿಕೊಂಡಿದ್ದೆವು. ರಾಯಭಾರಿ ಇದ್ದಿದ್ದರೆ 1962ರ ಯುದ್ಧ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಕುರುಡಾಗಿ ಯುದ್ಧಕ್ಕೆ ಹೋಗುವುದು ತಪ್ಪುತ್ತಿತ್ತೇನೋ.

ನಮ್ಮ ಬಯಲಾಟಗಳಲ್ಲಿ, ತಾಳಮದ್ದಳೆಗಳಲ್ಲಿ ಕೃಷ್ಣ ರಾಯಭಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುದ್ಧ ತಪ್ಪದೆಂದು ಗೊತ್ತಿದ್ದೂ ಕೃಷ್ಣ ಹಸ್ತಿನಾವತಿಗೆ ಹೋಗುತ್ತಾನೆ. ಸಂಧಾನ ಮುರಿಯುತ್ತದೆ. ಆದರೆ ಸಭೆಯಲ್ಲಿ ಯಾರ ಮನಸ್ಸು ಎತ್ತ ಎಂದು ತಿಳಿಯುತ್ತದೆ, ಕರ್ಣನನ್ನು ಒಬ್ಬನೇ ಕರೆದು ಮಾತಾಡಲು ಆಗುತ್ತದೆ.

ರಾಯಭಾರಿ ಇಲ್ಲದ ಕಚೇರಿಯ ಭಾರ ಹೊತ್ತವರು ಕಿರಿಯ ಅಧಿಕಾರಿಗಳು, ಮತ್ತು ಅವರು ಧೈರ್ಯವಾಗಿಯೇ ಹೊತ್ತರು. 1962ರ ನವೆಂಬರ್‌ನಲ್ಲಿ ಚೀನಾ ಯುದ್ಧ ನಿಲ್ಲಿಸುವ ಮುನ್ನ ಚೌ ಕರೆಸಿ ಮಾತಾಡಿದ್ದು ಪ್ರಭಾರಿಯಾಗಿದ್ದ ಪಿ.ಕೆ. ಬ್ಯಾನರ್ಜಿಯವರೊಂದಿಗೆ. 1967ರಲ್ಲಿ ಕೆಂಪು ಕಾವಲುಪಡೆಯ ಗುಂಪುಗಳು ನಮ್ಮ ಇಬ್ಬರು ಅಧಿಕಾರಿಗಳ ಮೇಲೆ ಕೈಮಾಡಿದವು. 1970ರ ಮೇ ದಿನದಂದು ತಿಯಾನನ್‌ಮೆನ್‌ನಲ್ಲಿ ಸಾಲಾಗಿ ನಿಂತಿದ್ದ ವಿದೇಶಿ ಪ್ರತಿನಿಧಿಗಳ ನಡುವೆ ನಮ್ಮ ಅಂದಿನ ಪ್ರಭಾರಿ ಬ್ರಜೇಶ್ ಮಿಶ್ರಾ ಅವರ ಬಳಿ ಮಾವೋ ನಿಂತರು, ನಕ್ಕರು, ಸ್ನೇಹದ ಮಾತಾಡಿದರು. ಮಿಶ್ರಾ ತಡಮಾಡದೆ ದೆಹಲಿಗೆ ಬರೆದರು. ಬಾಗಿಲು ತೆರೆದಿದೆ ಎಂಬುದು ಅವರಿಗೆ ಅರ್ಥವಾಗಿತ್ತು. ಆ ನಗೆಗೆ ಉತ್ತರವಾಗಿ ರಾಯಭಾರಿಯೊಬ್ಬರು ಹೊರಡಲು ಇನ್ನೂ ಆರು ವರ್ಷ ಬೇಕಾಯಿತು. ನಡುವೆ ಬಾಂಗ್ಲಾ ಯುದ್ಧ ಬಂತು, ಸೋವಿಯತ್ ಒಪ್ಪಂದ ಬಂತು; ಕಾರಣಗಳು ಇದ್ದವು, ನಿಜ. ಆದರೆ 1976ರ ಜುಲೈನಲ್ಲಿ ಕೆ.ಆರ್. ನಾರಾಯಣನ್ ಬೀಜಿಂಗ್‌ಗೆ ಹೋದಾಗ ಚೌ ತೀರಿಕೊಂಡು ಆರು ತಿಂಗಳಾಗಿತ್ತು. ಮಾವೋ ಎರಡೇ ತಿಂಗಳಲ್ಲಿ ತೀರಿಕೊಂಡರು. 1962ರ ಬಗ್ಗೆ ಯಾರೊಂದಿಗೆ ಮಾತಾಡಬೇಕಿತ್ತೋ ಅವರೇ ಉಳಿದಿರಲಿಲ್ಲ. ಹದಿನೈದು ವರ್ಷದ ಮೌನದ ಬೆಲೆ ಇದು.

ಆಮೇಲೆ ಹುದ್ದೆಗೆ ತೂಕ ಬಂತು. ಮೊದಲ ರಾಯಭಾರಿ ಮೆನನ್ ಅವರ ಮಗನೂ ಮೊಮ್ಮಗ ಶಿವಶಂಕರ್ ಮೆನನ್ನರೂ ಅದೇ ಕುರ್ಚಿಯಲ್ಲಿ ಕುಳಿತರು. ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ 2006ರಲ್ಲಿ ಅಲ್ಲಿಗೆ ಹೋದ ಮೊದಲ ಮಹಿಳೆ. 1949ರಿಂದ 1962ರವರೆಗಿನ ಕಥೆಯನ್ನು ಅವರು ಮುಂದೆ ದೊಡ್ಡ ಪುಸ್ತಕವಾಗಿಯೇ ಬರೆದರು.

ಇತ್ತೀಚೆಗೆ ಕುರ್ಚಿ ಖಾಲಿ ಬಿಡುವ ಸರದಿ ಚೀನಾದ್ದಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಸುನ್ ವೇಡಾಂಗ್ ದೆಹಲಿ ಬಿಟ್ಟ ಮೇಲೆ ಸುಮಾರು 18 ತಿಂಗಳು ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೊಸ ರಾಯಭಾರಿ ಬಂದದ್ದು 2024ರ ಮೇ ತಿಂಗಳಲ್ಲಿ. ಲಡಾಖ್ ಗಡಿಯ ಗಸ್ತಿನ ಒಪ್ಪಂದವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅದಕ್ಕೂ ಮುನ್ನ, 2020ರ ಜೂನ್‌ನಲ್ಲಿ, ಅದೇ ಗಡಿಯ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆದರೂ ಈ ಸಲ ದೆಹಲಿ ತನ್ನ ರಾಯಭಾರಿಯನ್ನು ಬೀಜಿಂಗ್‌ನಿಂದ ಕರೆಸಿಕೊಳ್ಳಲಿಲ್ಲ.