ಆಟದ ತುಣುಕಿಗೆ ಕತ್ತರಿ ಹಾಕುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹರಕೆಯ ಯಕ್ಷಗಾನ ಬಯಲಾಟಕ್ಕೆ ಹೋದವರಿಗೆ ಇದು ಗೊತ್ತು. ‘ಶ್ರೀದೇವಿ ಮಹಾತ್ಮೆ’ಯ ಮಹಿಷಾಸುರ ದೊಂದಿಯವರ ನಡುವೆ ಗುಂಪು ಸೀಳಿಕೊಂಡು ಬರುವ ಹೊತ್ತಿಗೆ ಇದ್ದಬದ್ದ ಮೊಬೈಲುಗಳೆಲ್ಲ ತಲೆಯ ಮೇಲೇರುತ್ತವೆ. ಮರುದಿನ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಅರ್ಧ ನಿಮಿಷ: ಕೆಂಪು ಹೊಗೆ, ಅಡ್ಡ ಬಂದ ಕೈಗಳು, ಶಿಳ್ಳೆ. ಚೆಂಡೆ ಎಲ್ಲೋ ದೂರದಲ್ಲಿ. ಆಟ ಇಡೀ ರಾತ್ರಿಯದ್ದಾದರೆ ರಕ್ತಬೀಜ ರಂಗಕ್ಕೆ ಬರುವಷ್ಟರಲ್ಲಿ ವೀಡಿಯೊ ಮಾಡಿದವರು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ.

ತುಣುಕು ಕೂಡಿಡುವ ಚಟದ ಮೇಲೆ ದೂರಿಲ್ಲ. ಒಂದು ರಾತ್ರಿಯ ಆಟ ಯಾರ ತಲೆಯಲ್ಲೂ ಇಡಿಯಾಗಿ ಉಳಿಯದು. ಒಂದು ಪದ್ಯ, ಒಂದು ಪ್ರವೇಶ, ನಾಲ್ಕು ಮಾತು ಉಳಿದರೆ ಅದೇ ಲಾಭ. ತಕರಾರು ಇರುವುದು ಕತ್ತರಿ ಎಲ್ಲಿ ಬೀಳುತ್ತದೆ ಎಂಬುದರಲ್ಲಿ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದ ಕಂಬದ ಮೇಲೆ ನವನಾರಿ ಕುಂಜರವಿದೆ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಮೊಬೈಲು ಹತ್ತಿರ ಒಯ್ದು ಒಬ್ಬಳ ಫೋಟೊ ಮಾತ್ರ ತೆಗೆದವನಿಗೆ ಆನೆ ಸಿಕ್ಕಲಿಲ್ಲ.

ಯಕ್ಷಗಾನದಲ್ಲಿ ಈ ಹೆಣಿಗೆ ಇರುವುದು ಪದ್ಯಕ್ಕೂ ಅರ್ಥಕ್ಕೂ ನಡುವೆ. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿದೆ. ವೇಷಧಾರಿ ಆಡುವ ಅರ್ಥಕ್ಕೆ ಪುಸ್ತಕವಿಲ್ಲ, ಅದು ಆ ಹೊತ್ತಿಗೆ ಅಲ್ಲೇ ಹುಟ್ಟುವ ಮಾತು. ಹಾಗಾಗಿ ಹೊಸಬರು ಕಿವಿ ನೆಡಬೇಕಾದದ್ದು ಪದ್ಯದ ಕೊನೆಯ ಸಾಲಿಗೆ, ಚೆಂಡೆ ಮದ್ದಳೆಯ ಮುಕ್ತಾಯಕ್ಕೆ, ಅದರ ಬೆನ್ನಿಗೇ ಬರುವ ಮೊದಲ ಮಾತಿಗೆ. ಪದ್ಯದ ಯಾವ ಶಬ್ದವನ್ನು ಅರ್ಥಧಾರಿ ಎತ್ತಿಕೊಂಡ? ಭಾಗವತರು ಎರಡೆರಡು ಸಲ ಹೇಳಿ ಒತ್ತಿದ್ದನ್ನೋ, ಹಾಗೇ ದಾಟಿಸಿಬಿಟ್ಟ ಒಂದು ವಿಶೇಷಣವನ್ನೋ? ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪದ್ಯ, ಅರ್ಥ ಎರಡೇ ಇರುವುದರಿಂದ ಅಲ್ಲಿ ಈ ಹೆಣಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಪದ್ಯ ಕೆಲವೇ ಸಾಲಿನದು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಬಾಯಲ್ಲಿ ಅದು ರಾಮನ ಮೇಲೆ ಹೂಡಿದ ದಾವೆಯೇ ಆಗುತ್ತಿತ್ತು. ದಾವೆಯ ಮಾತು ಮಾತ್ರ ಕತ್ತರಿಸಿ ಇಟ್ಟುಕೊಂಡವರಿಗೆ ಬರೀ ವಾಕ್ಚಾತುರ್ಯ ಸಿಗುತ್ತದೆ. ಪದ್ಯದಿಂದ ಕೇಳಿಕೊಂಡು ಬಂದವರಿಗೆ ಆ ದಾವೆಯ ಬೀಜ ಎಲ್ಲಿತ್ತೆಂದು ತಿಳಿಯುತ್ತದೆ.

ಇದನ್ನು ಬರೆಯುತ್ತಿರುವವನ ಕಿವಿ ತೆರೆದದ್ದು ಸೋದರಮಾವನ ಮನೆಯ ಕ್ಯಾಸೆಟ್ಟಿನಿಂದ. ಸಿ-90 ಟೇಪಿನ ಒಂದು ಮಗ್ಗುಲೆಂದರೆ 45 ನಿಮಿಷ. ತಾಳಮದ್ದಳೆಯ ಅರ್ಥಕ್ಕೆ ಆ ಲೆಕ್ಕವೆಲ್ಲ ಎಲ್ಲಿಯದು! ಮಾತಿನ ನಡುವೆಯೇ ‘ಟಕ್’ ಎಂದು ಟೇಪು ನಿಲ್ಲುತ್ತಿತ್ತು. ಎಲ್ಲಿಗೆ ಬಂದಿತ್ತೆಂದು ನೋಡಲು ಪದ್ಯದವರೆಗೆ ಹಿಂದೆ ಸುತ್ತಿ, ಮತ್ತೆ ಕೇಳಿ, ಆಮೇಲೆ ಮಗುಚಿ ಹಾಕುವುದು. ಹಾಗೆ ಸುತ್ತಿ ಸುತ್ತಿಯೇ ಪದ್ಯಕ್ಕೂ ಅರ್ಥಕ್ಕೂ ನಡುವಿನ ಆ ಸಂದಿ ಹುಡುಗನ ಕಿವಿಗೆ ಬಿತ್ತು. ಲೇಬಲ್ಲಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಪ್ರಸಂಗ, ಊರು, ತಾರೀಕು, ಭಾಗವತರು, ಚೆಂಡೆ, ಮದ್ದಳೆ. ಒಳಗೆ ಯಾರದ್ದೋ ಕೆಮ್ಮು, ತುಳುವಿನಲ್ಲಿ ಎಲೆಯಡಿಕೆ ಕೇಳುವ ದನಿ. ಇವತ್ತು ಅಪ್‌ಲೋಡ್ ಮಾಡುವವರು ‘ಸೂಪರ್ ಪದ್ಯ’ ಎಂದು ಬರೆದು ಬೆಂಕಿಯ ಚಿತ್ರ ಅಂಟಿಸುತ್ತಾರೆ. ಮದ್ದಳೆ ಯಾರದೆಂದು ಕೇಳಿದರೆ ಉತ್ತರವಿಲ್ಲ.

ಇನ್ನು ಗಾನವೈಭವ. ವೇಷವಿಲ್ಲ, ಅರ್ಥವಿಲ್ಲ, ಭಾಗವತರಿಬ್ಬರು ಕೂತು ರಾಗ ಎಳೆದದ್ದೇ ಎಳೆದದ್ದು, ಸಭೆ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಭಾಗವತ ದಾಮೋದರ ಮಂಡೆಚ್ಚರೂ ರಾಗಕ್ಕೆ ಒಲಿದವರೇ. ಆದರೆ ಅವರ ರಾಗ ಕಥೆ ಬಿಟ್ಟು ಓಡಿಹೋಗುತ್ತಿರಲಿಲ್ಲ.

ಹೊಸಬರು ಒಂದೇ ಕಂಠದಿಂದ ಶುರುಮಾಡುವುದಾದರೆ ಅದು ಬಲಿಪ ನಾರಾಯಣ ಭಾಗವತರದ್ದಾಗಲಿ. 1938ರಲ್ಲಿ ಹುಟ್ಟಿ, ಕಟೀಲು ಮೇಳದಲ್ಲಿ ಹಾಡಿ, ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದವರು. ಐದು ದಿನಗಳ ದೇವಿ ಮಹಾತ್ಮೆ ಪ್ರಸಂಗವನ್ನೇ ಬರೆದವರು. ಏರು ಶ್ರುತಿ, ಹಳೆಯ ಮಟ್ಟು, ಕಛೇರಿಯ ಬಳುಕಿಲ್ಲ. ಮೊದಲ ಸಲ ಕೇಳಿದವರಿಗೆ ಒರಟೆನಿಸಬಹುದು. ಅವರು ಪದ್ಯ ಎತ್ತಿದರೆಂದರೆ ವೇಷಧಾರಿ ನಿಂತ ನಿಲುವೇ ಬದಲಾಗುತ್ತಿತ್ತು. ಕಟೀಲು ಮೇಳದ ಆಟಗಳಲ್ಲಿ ಅದನ್ನು ಕಂಡವರು ಈಗಲೂ ಊರೂರಲ್ಲಿ ಸಿಗುತ್ತಾರೆ. ಅದೇ ದಾರಿಯಲ್ಲಿ ನಡೆದ ಮಗ ಬಲಿಪ ಪ್ರಸಾದ ಭಾಗವತರು 2022ರಲ್ಲಿ ತೀರಿಕೊಂಡರು, ಮರುವರ್ಷ ತಂದೆಯೂ ಹೋದರು. ಇಬ್ಬರ ಕಂಠದಲ್ಲೂ ಒಂದೇ ಪದ್ಯ ಸಿಕ್ಕಿದರೆ ಜತೆಜತೆಗೆ ಇಟ್ಟುಕೊಳ್ಳಬೇಕು.

ಕುಣಿತದಲ್ಲಿ ಸುತ್ತಿ ಹಾರುವ ದಿಗಿಣ? ಎಣಿಸುವವರು ಎಣಿಸಲಿ. ಹಾಸ್ಯಕ್ಕೂ ಮೇಲಿನ ಮಾತೇ: ಬಂಟ್ವಾಳ ಜಯರಾಮ ಆಚಾರ್ಯರಂಥ ಹಾಸ್ಯಗಾರರ ಕೊನೆಯ ಸಾಲು ಮಾತ್ರ ಹಿಡಿದಿಟ್ಟರೆ, ಅಲ್ಲಿಯವರೆಗೆ ಅವರು ಪಾತ್ರ ಕಟ್ಟಿದ್ದು ಕಾಣುವುದಿಲ್ಲ.

ಹಳೆಯ ನೇಗಿಲು, ಪಾತ್ರೆಗಳಿಗೆ ಬಿ.ಸಿ.ರೋಡಿನಲ್ಲಿ ತುಳು ಬದುಕು ವಸ್ತುಸಂಗ್ರಹಾಲಯವಿದೆ, ಧರ್ಮಸ್ಥಳದಲ್ಲಿ ಮಂಜೂಷಾ ಇದೆ. ಕ್ಯಾಸೆಟ್ಟಿನ ದನಿಗಳು ಮಾತ್ರ ಇನ್ನೂ ಮನೆಮನೆಯ ಕಪಾಟಿನಲ್ಲಿ, ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿಯುತ್ತ ಕೂತಿವೆ. ಅಂಥ ಟೇಪು ಸಿಕ್ಕಿದರೆ ಆತುರದಿಂದ ಪ್ಲೇಯರಿಗೆ ತುರುಕಬಾರದು, ಬಿಳಿ ಬೂಷ್ಟು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ತಿಳಿದವರಿಂದ ಒರೆಸಿಸಿ, ಒಂದೇ ಸಲಕ್ಕೆ ಇಡೀ ಮಗ್ಗುಲನ್ನು ಡಿಜಿಟಲ್ ಮಾಡಿಸಬೇಕು. ಕೆಮ್ಮನ್ನೂ ಅಳಿಸಬಾರದು. ಹೊಸದಾಗಿ ಮುದ್ರಿಸಿಕೊಳ್ಳುವವರು ಮೊದಲು ಕಲಾವಿದರನ್ನು ಕೇಳಬೇಕು. ಒಪ್ಪಿದರೆ ಧ್ವನಿವರ್ಧಕದ ಬುಡ ಬಿಟ್ಟು ಮದ್ದಳೆಯ ಹತ್ತಿರ ಕೂರಬೇಕು. ತಿರುಗಾಟ ಮುಗಿಯುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ದೇವಸ್ಥಾನ, ಸಭಾಭವನಗಳಲ್ಲಿ ತಾಳಮದ್ದಳೆ ಇರುತ್ತದೆ. ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ, ಮುಂದಿನ ಸಾಲಿನ ಕುರ್ಚಿಗಳು ಹೆಚ್ಚಾಗಿ ಖಾಲಿಯೇ.