ಸೊನ್ನೆಯ ಔಚಿತ್ಯ: ಬ್ರಿಟನ್ನಿನ ಸ್ಟ್ರಿಪ್ ಕ್ಲಬ್ಬುಗಳೂ ಕಾಯಿದೆಯ ಭಾಷೆಯೂ

ಶಿಲಾಶಾಸನಗಳನ್ನು ಸಾಹಿತ್ಯದೃಷ್ಟಿಯಿಂದ ಓದಬಲ್ಲ ನಾವು ಸರಕಾರದ ಕಾಯಿದೆಗಳನ್ನು ಹಾಗೆ ಓದುವುದು ಅಪೂರ್ವ. ಆದರೆ ಕಾಯಿದೆಯೂ ಒಂದು ವಾಙ್ಮಯವೇ. ಅದರ ಒಂದೊಂದು ಪದವನ್ನು ನೆಚ್ಚಿ ಕೆಲವರ ಜೀವನೋಪಾಯವಿರುತ್ತದೆ. ಸ್ಟ್ರಿಪ್ ಕ್ಲಬ್ಬುಗಳನ್ನು, ಎಂದರೆ ನರ್ತಕಿಯರು ಪ್ರೇಕ್ಷಕರೆದುರು ಉಡುಪು ಕಳಚಿ ಕುಣಿಯುವ ಶಾಲೆಗಳನ್ನು ಕುರಿತು ಬ್ರಿಟನ್ನಿನಲ್ಲಿ ಬೆಳೆದುಬಂದ ನಿಬಂಧನೆಗಳ ಭಾಷೆಯನ್ನು ಇಲ್ಲಿ ಪರಿಶೀಲಿಸತಕ್ಕುದಾಗಿದೆ.

1843ರ ಕಾಯಿದೆಯ ಮೇರೆಗೆ ಹೊಸ ನಾಟಕಗಳಿಗೆ ಅನುಮತಿಯೀಯುವ ಅಧಿಕಾರವು ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯದಾಗಿದ್ದಿತು. 1930ರ ದಶಕದಲ್ಲಿ ಲಂಡನ್ನಿನ ವಿಂಡ್‌ಮಿಲ್ ನಾಟಕಶಾಲೆಗೆ ವಿವಸ್ತ್ರೆಯರನ್ನು ರಂಗದ ಮೇಲೆ ತೋರಿಸಲು ಸಮ್ಮತಿ ದೊರೆಯಿತು. ಆದರೆ ಅವರು ಪ್ರತಿಮೆಗಳಂತೆ ಅಲುಗದೆ ನಿಲ್ಲಬೇಕು. ಶಿಲ್ಪಕ್ಕೆ ಸಲ್ಲುವ ಮನ್ನಣೆ ನಿಶ್ಚಲವಾದ ದೇಹಕ್ಕೂ ಸಲ್ಲಬಹುದು, ಚಲಿಸುವ ದೇಹಕ್ಕೆ ಸಲ್ಲದು ಎಂಬುದು ಇದರ ತರ್ಕ. 1958ರಲ್ಲಿ ಸೋಹೋದಲ್ಲಿ ತೆರೆದ ರೇಮಂಡ್ ರೆವ್ಯೂಬಾರ್, ಸದಸ್ಯರಿಗೆ ಮಾತ್ರವೆ ಪ್ರವೇಶವುಳ್ಳ ಕ್ಲಬ್ಬಾಗಿ ಈ ಕಟ್ಟಿನಿಂದ ತಪ್ಪಿಸಿಕೊಂಡಿತು. 1968ರಲ್ಲಿ ಆ ಅಧಿಕಾರವೇ ರದ್ದಾಯಿತು.

ಬರಬರುತ್ತ ಹೊಣೆಯು ಊರೂರಿನ ಕೌನ್ಸಿಲುಗಳದಾಯಿತು. 2003ರ ಪರವಾನಗಿ ಕಾಯಿದೆಯಡಿಯಲ್ಲಿ ಇಂಗ್ಲೆಂಡಿನ ಈ ಕ್ಲಬ್ಬುಗಳಿಗೂ ಸಾಮಾನ್ಯ ಪಾನಗೃಹಗಳಿಗೂ ಒಂದೇ ಬಗೆಯ ಪರವಾನಗಿ. ನೆರೆಹೊರೆಯವರೂ ಮಹಿಳಾಸಂಘಗಳೂ ಆಕ್ಷೇಪಿಸಲಾಗಿ, 2009ರ ಕಾಯಿದೆಯು ಇವನ್ನು ಬೇರೊಂದು ವರ್ಗವಾಗಿ ಮಾಡಿತು. ಅದನ್ನು ಅಂಗೀಕರಿಸಿದ ಕೌನ್ಸಿಲು ಸ್ಥಳದ ಲಕ್ಷಣವನ್ನು ನೋಡಿ, ಅಲ್ಲಿಗೆ ಇಂತಹ ಕ್ಲಬ್ಬುಗಳು ಎಷ್ಟು ಉಚಿತವೆಂದು ನಿರ್ಣಯಿಸಬಹುದು. ಆ ಸಂಖ್ಯೆ ಸೊನ್ನೆಯೂ ಆಗಬಹುದೆಂದು ಕಾಯಿದೆಯೇ ಹೇಳುತ್ತದೆ. ನೋಟವು ದೇಹವನ್ನು ಬಿಟ್ಟು ಬೀದಿಯ ಮೇಲೆ ಬಿದ್ದಿತು.

ಔಚಿತ್ಯವೆಂಬ ಮಾತು ನಮಗೆ ಹೊಸದಲ್ಲ. ಕ್ಷೇಮೇಂದ್ರನು ದೇಶಕಾಲಗಳನ್ನೂ ಔಚಿತ್ಯದ ಸ್ಥಾನಗಳಲ್ಲಿ ಎಣಿಸಿದ್ದಾನೆ. ಆದರೆ ಅವನು ಎದುರಿಗಿರುವ ಪದ್ಯವನ್ನು ಓದಿ ಅದರ ಔಚಿತ್ಯವನ್ನು ತೂಗುತ್ತಾನೆ. ಇಲ್ಲಿಯಾದರೋ ವಸ್ತುವನ್ನು ನೋಡುವ ಮೊದಲೇ ತೀರ್ಪು ಸಿದ್ಧವಾಗಿರಬಹುದು. ಇನ್ನೊಂದು ವಿಚಿತ್ರವೂ ಉಂಟು. ಹನ್ನೆರಡು ತಿಂಗಳಲ್ಲಿ ಹನ್ನೊಂದು ಸಲಕ್ಕೆ ಮೀರದಂತೆ, ನಡುನಡುವೆ ಒಂದು ತಿಂಗಳ ಬಿಡುವಿಟ್ಟು, ಒಮ್ಮೆಗೆ 24 ಗಂಟೆಗಳನ್ನು ದಾಟದೆ ಪ್ರದರ್ಶನ ನಡೆಸುವವರಿಗೆ ಈ ವಿಶೇಷ ಪರವಾನಗಿಯೇ ಬೇಡ. ಹನ್ನೆರಡನೆಯ ಸಲ ಅನುಚಿತವಾದುದು ಹನ್ನೊಂದನೆಯ ಸಲ ಹೇಗೆ ಉಚಿತವಾಯಿತು?

ಇಂತಹ ಕ್ಲಬ್ಬುಗಳು ಸ್ತ್ರೀಯನ್ನು ಸರಕಾಗಿ ಮಾಡುತ್ತವೆಂಬ ಆಕ್ಷೇಪವು ಹಗುರವಾದುದಲ್ಲ. ಆದರೆ ಸೊನ್ನೆಯು ಅದಕ್ಕೆ ಸಮಾಧಾನವಾಗಲಾರದು. ಪರವಾನಗಿ ಇರುವಲ್ಲಿ ನರ್ತಕಿಯ ರಕ್ಷಣೆಗೆ ಷರತ್ತುಗಳನ್ನು ವಿಧಿಸಲು ಬರುತ್ತದೆ. ಪರವಾನಗಿ ಬೇಡದ ಹನ್ನೊಂದು ರಾತ್ರಿಗಳಿಗೆ ಆ ಷರತ್ತುಗಳು ಅಂಟುವುದಿಲ್ಲ. ಮೊದಲಿನ ನಿಯಮ ಅವಳ ಚಲನೆಯನ್ನು ಅಳೆಯಿತು, ಈಚಿನದು ಅವಳ ಬೀದಿಯನ್ನು ಅಳೆಯುತ್ತದೆ. ದುಡಿಯುವವಳೆಂದು ಅವಳನ್ನು ಎರಡೂ ಕೇಳಲಿಲ್ಲ.

ಪ್ರತ್ಯೇಕ ಕಾಯಿದೆಯುಳ್ಳ ನೆರೆಯ ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋ ಕೌನ್ಸಿಲು 2022ರಲ್ಲಿ ಇದೇ ಸೊನ್ನೆಯನ್ನು ಗೊತ್ತುಮಾಡಿತು. 2023ರಲ್ಲಿ ನ್ಯಾಯಾಲಯವು ಅದನ್ನು ಕಾನೂನುಬಾಹಿರವೆಂದಿತು. ಆ ವಿಚಾರಣೆಯಲ್ಲಿ ನರ್ತಕಿಯರ ಕಾರ್ಮಿಕಸಂಘವೂ ತನ್ನ ವಾದವನ್ನು ಮುಂದಿಟ್ಟಿತು. ನಿಶ್ಚಲ ಪ್ರತಿಮೆಯಾಗಿ ಈ ವಾಙ್ಮಯವನ್ನು ಪ್ರವೇಶಿಸಿದವಳು ಅಲ್ಲಿ ಮಾತನಾಡುವ ಪಾತ್ರವಾದಳು. ಔಚಿತ್ಯದ ವಿಚಾರವು ಇನ್ನು ಮುಂದೆ ಆ ಮಾತಿನಿಂದಲೇ ಮೊದಲಾಗಬೇಕು.